ಲಿಫ್ಟ್ ಮೇಸ್ತ್ರಿಯ ಹೊಟ್ಟೆಗೆ ಎರಡು ಬ್ಯಾಂಡು

ಮನುಷ್ಯಕುಲದ ಮುಂದೆ ಕಾಲಕಾಲಕ್ಕೆ ಕೆಲವು ಗಹನವಾದ ಪ್ರಶ್ನೆಗಳು ಬಂದು ನಿಲ್ಲುತ್ತವೆ. ಆತ್ಮ ಇದೆಯೇ ಇಲ್ಲವೇ, ಕಾಲ ಎಲ್ಲಿಂದ ಶುರುವಾಯಿತು, ಇತ್ಯಾದಿ. ಆ ಸಾಲಿನಲ್ಲಿ ಕೂರಬೇಕಾದ, ಆದರೆ ಇದುವರೆಗೆ ಯಾವ ಪಂಡಿತನೂ ಕೈಹಾಕದ ಪ್ರಶ್ನೆಯೊಂದು ಏಳಂತಸ್ತಿನ ವಸತಿ ಕಟ್ಟಡವೊಂದರಲ್ಲಿ, ಮೂರನೆಯ ಮತ್ತು ನಾಲ್ಕನೆಯ ಮಹಡಿಗಳ ನಡುವೆ, ಒಂದು ಮಂಗಳವಾರ ಬೆಳಿಗ್ಗೆ ಎದ್ದಿತು. ಲಿಫ್ಟಿನ ಚಾವಣಿಯಲ್ಲಿರುವ ಕಿಂಡಿ ಚಿಕ್ಕದಾಯಿತೋ, ಲಿಫ್ಟ್ ಮೇಸ್ತ್ರಿ ದೊಡ್ಡವನಾದನೋ?

ಪ್ರಶ್ನೆ ಎದ್ದ ಗಳಿಗೆಯಲ್ಲಿ ಮೇಸ್ತ್ರಿಯ ಮೇಲರ್ಧ ಕಿಂಡಿಯಿಂದಾಚೆ ಕತ್ತಲಲ್ಲಿತ್ತು. ಕೆಳಗಿನರ್ಧ ಲಿಫ್ಟಿನೊಳಗೆ ಬೆಳಕಿನಲ್ಲಿ ನೇತಾಡುತ್ತಿತ್ತು. ನಡುವಿನ ಭಾಗ ಎಲ್ಲಿಗೂ ಹೋಗಲು ಒಪ್ಪದೆ ಕಿಂಡಿಯ ಚೌಕಟ್ಟನ್ನು ಅಪ್ಪಿಕೊಂಡಿತ್ತು. ಬಾಗಿಲನ್ನು ಮೀಟಿ ತೆರೆದಾಗ ನಿವಾಸಿಗಳಿಗೆ ಮೊದಲು ಕಂಡದ್ದು ಎರಡು ಬೂಟುಗಳು. ಇವು ಯಾರವು ಎಂಬ ಬಗ್ಗೆ ಸ್ವಲ್ಪ ಹೊತ್ತು ಚರ್ಚೆ ನಡೆಯಿತು. ನಿವಾಸಿಗಳ ಸಂಘದ ಅಧ್ಯಕ್ಷರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ವಿಳಾಸವಿಲ್ಲದ ವಸ್ತುವನ್ನು ಮುಟ್ಟಬಾರದು ಎಂದು ಬಲ್ಲವರು. ನಾಲ್ಕನೆಯ ಮಹಡಿಯ ಅಜ್ಜಿ ಮಾತ್ರ ಪ್ಯಾಂಟಿನ ಹಿಂದಿನ ಜೇಬಿನಲ್ಲಿದ್ದ ಸ್ಪ್ಯಾನರ್ ನೋಡಿ, "ಇದು ನಮ್ಮ ಮೇಸ್ತ್ರಿನೇ. ಎಣ್ಣೆ ತನ್ನಿ" ಎಂದರು. ಮೂರು ಮನೆಗಳ ಅಡುಗೆ ಎಣ್ಣೆ ಖರ್ಚಾದ ಮೇಲೆ ಮೇಸ್ತ್ರಿ ಜಾರಿ ಕೆಳಗೆ ಬಂದ. ಕರಿಯಲು ಸಿದ್ಧವಾದ ಪದಾರ್ಥದ ಹಾಗೆ ಹೊಳೆಯುತ್ತಿದ್ದ. ನೆರೆದವರ ಮುಖ ನೋಡಿ, ಲೋಹ ಚಳಿಗೆ ಕುಗ್ಗುತ್ತದೆ, ಕಿಂಡಿ ಕುಗ್ಗಿದೆ ಎಂದು ಗಂಭೀರವಾಗಿ ತಿಳಿಸಿದ. ಹೊರಗೆ ಬಿಸಿಲಿಗೆ ಕಾಗೆಗಳು ಬಾಯಿ ಬಿಟ್ಟುಕೊಂಡು ಕೂತಿದ್ದವು.

ಈ ವಿಜ್ಞಾನವನ್ನು ಲಿಫ್ಟ್ ಕಂಪನಿಯ ಮ್ಯಾನೇಜರು ಒಪ್ಪಲಿಲ್ಲ.

"ಕಿಂಡಿಯ ಅಳತೆ ಬದಲಾಯಿಸೋಕೆ ಆಗಲ್ಲ ಮೇಸ್ತ್ರಿ, ನಿಮ್ಮ ಅಳತೆ ಬದಲಾಯಿಸಿಕೊಳ್ಳಿ. ವರ್ಷದ ಕೊನೆಗೆ ದೊಡ್ಡ ತಪಾಸಣೆ ಇದೆ. ಅಷ್ಟರಲ್ಲಿ ನೀವು ಕಿಂಡೀಲಿ ಹೋಗಿ ಬರೋ ಹಾಗಿದ್ದರೆ ಸರಿ. ಇಲ್ಲಾಂದ್ರೆ ಗೋಡೌನಿನಲ್ಲಿ ಕುರ್ಚಿ ಹಾಕಿಸ್ತೀನಿ, ಬಿಡಿಭಾಗ ಕೊಡ್ತಾ ಕೂತಿರಿ."

ಬೇರೆಯವರಿಗೆ ಕುರ್ಚಿ ಎಂದರೆ ಬಡ್ತಿ. ಮೇಸ್ತ್ರಿಗೆ ಅದು ಗಡೀಪಾರು. ಅವನ ಆಯುಷ್ಯದ ಅರ್ಧ ಕಳೆದದ್ದು ಲಿಫ್ಟು ಓಡಾಡುವ ಆ ಕತ್ತಲ ಬಾವಿಯಲ್ಲಿ. ಪೆಟ್ಟಿಗೆಯ ಚಾವಣಿಯ ಮೇಲೆ ಟಾರ್ಚು ಹಿಡಿದು ನಿಂತು, ಉಕ್ಕಿನ ಹಗ್ಗಗಳಿಗೆ ಕಿವಿಗೊಟ್ಟು, ಯಾವುದಕ್ಕೆ ನೋವಿದೆ ಎಂದು ಹೇಳಬಲ್ಲ. ಮನೆಯಲ್ಲಿ ಹೆಂಡತಿ ಕರೆದರೆ ಮೂರನೆಯ ಸಲಕ್ಕೆ ಕೇಳಿಸುತ್ತಿತ್ತು. ಲಿಫ್ಟು ಮೊದಲನೆಯ ಸಲಕ್ಕೇ ಕೇಳಿಸುತ್ತಿತ್ತು. ಈ ವ್ಯತ್ಯಾಸವನ್ನು ಹೆಂಡತಿ ಮದುವೆಯಾದಾಗಿನಿಂದ ಗಮನಿಸುತ್ತ ಬಂದಿದ್ದಳು.

ತೂಕ ಇಳಿಸಲು ಅವನು ಪ್ರಯತ್ನ ಪಡಲಿಲ್ಲವೆಂದಲ್ಲ. ಬೆಳಗಿನ ನಡಿಗೆ ಶುರುಮಾಡಿದ್ದ. ಆ ರಸ್ತೆಯ ತುದಿಯಲ್ಲಿ ಬೇಕರಿ ಇತ್ತು. ರಾತ್ರಿಯೂಟ ಬಿಟ್ಟಿದ್ದ, ಅದು ಸಂಜೆಯೂಟದ ಹೆಸರಿನಲ್ಲಿ ಎರಡು ಪಾಲಾಗಿ ಬಂದಿತ್ತು. ಒಂದಷ್ಟು ತೂಕ ಇಳಿಯುತ್ತಿತ್ತು, ನಿಜ. ಆದರೆ ಹೋದದ್ದು ಹೋದ ಹಾಗೇ ಇರದೆ ನೆಂಟರಿಷ್ಟರನ್ನೂ ಕರೆದುಕೊಂಡು ವಾಪಸು ಬರುತ್ತಿತ್ತು. ಕೊನೆಗೆ ಮಾಮೂಲಿ ಡಾಕ್ಟರು ಸಕ್ಕರೆ ಕಾಯಿಲೆಯ ಹೆಸರು ಹೇಳಿ ಹೆದರಿಸಿ, ಹೊಟ್ಟೆಗೆ ಬ್ಯಾಂಡ್ ಹಾಕುವ ಸರ್ಜನ್ ಒಬ್ಬರ ಬಳಿ ಕಳಿಸಿಕೊಟ್ಟರು.

ಆ ಸರ್ಜನ್ ಹೆಂಗಸು, ಕುಳ್ಳಗೆ, ಚುರುಕಾಗಿದ್ದರು. ಅವರ ಮಾತಿನಲ್ಲಿ ಒಂದು ಗ್ರಾಂ ಕೊಬ್ಬೂ ಇರಲಿಲ್ಲ. ಮೇಜಿನ ಮೇಲೆ ಎರಡು ರಬ್ಬರಿನಂಥ ಉಂಗುರಗಳನ್ನಿಟ್ಟು ವಿವರಿಸಿದರು. ಇದನ್ನು ಜಠರದ ಮೇಲ್ಭಾಗಕ್ಕೆ ಸುತ್ತುತ್ತೇವೆ. ಮೇಲೊಂದು ಪುಟ್ಟ ಚೀಲವಾಗುತ್ತದೆ. ಸ್ವಲ್ಪ ತಿಂದರೆ ಅದು ತುಂಬುತ್ತದೆ, ಸಾಕೆನಿಸುತ್ತದೆ. ಉಂಗುರದಿಂದ ಒಂದು ಕೊಳವೆ ಚರ್ಮದ ಕೆಳಗಿನ ಬಿಲ್ಲೆಗೆ ಬರುತ್ತದೆ. ಅಲ್ಲಿ ಸೂಜಿ ಚುಚ್ಚಿ ಉಪ್ಪುನೀರು ಹಾಕಿದರೆ ಬಿಗಿ, ತೆಗೆದರೆ ಸಡಿಲ. ಒಂದು ಸಣ್ಣ ಬ್ಯಾಂಡು: ನೀರು ಕಡಿಮೆ, ಹಿಡಿತ ಬಿಗಿ. ಇನ್ನೊಂದು ಅಗಲದ್ದು: ನೀರು ಜಾಸ್ತಿ, ಒತ್ತುವುದು ಮೆತ್ತಗೆ. ಜಠರವನ್ನೇ ಕತ್ತರಿಸುವ ಬೇರೆ ಆಪರೇಷನ್‌ಗಳೂ ಇವೆ ಎಂದರು. ಮೇಸ್ತ್ರಿ ಅವು ಬೇಡವೆಂದ. ಬಿಚ್ಚಲು ಬಾರದ ಯಾವುದನ್ನೂ ಕೂರಿಸುವ ಅಭ್ಯಾಸ ಅವನಿಗಿರಲಿಲ್ಲ.

ಆಮೇಲೆ ಅವನು ಪ್ರಶ್ನೆ ಕೇಳಲು ಶುರುಮಾಡಿದ. ಗರಿಷ್ಠ ಭಾರ ಎಷ್ಟು? ಸರ್ವಿಸು ಎಷ್ಟು ದಿನಕ್ಕೊಮ್ಮೆ? ಜಾರಿದರೆ ಬ್ರೇಕು ಯಾವ ಕಡೆ? ಬಿಡಿಭಾಗ ಸಿಗುತ್ತದೆಯೇ, ಅಥವಾ ಪೂರ್ತಿ ಬದಲಾಯಿಸಬೇಕೇ? ನಡುರಾತ್ರಿ ಸಿಕ್ಕಿಹಾಕಿಕೊಂಡರೆ ಬರುವವರು ಯಾರು? ವೈದ್ಯೆ ಪ್ರತಿಯೊಂದಕ್ಕೂ ಉತ್ತರ ಕೊಟ್ಟರು. ಜಾರುವುದುಂಟು, ಕೆಲವರಿಗೆ ತೆಗೆಯಬೇಕಾಗಿ ಬರುವುದೂ ಉಂಟು, ಬದುಕಿರುವ ತನಕ ತಪಾಸಣೆಗೆ ಬರುತ್ತಿರಬೇಕು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

"ಮತ್ತೆ ಕರೆಂಟು ಹೋದರೆ, ಮೇಡಂ?"

"ಕರೆಂಟು ಹೋದರೆ ಏನೂ ಆಗಲ್ಲ. ಆ ಕತ್ತಲಲ್ಲಿ ನೀವು ಎದ್ದು ಹೋಗಿ ಏನಾದರೂ ತಿಂದರೆ ಆಗುತ್ತೆ."

ಮೇಸ್ತ್ರಿಗೆ ಈಕೆಯ ಮೇಲೆ ನಂಬಿಕೆ ಬಂತು. ಆದರೆ ಷರತ್ತೊಂದಿತ್ತು. ಆಪರೇಷನ್‌ಗೆ ಮುಂಚಿನ ಎರಡು ವಾರ ಹಾಲು, ತೆಳು ಸೂಪು ಇಂಥದ್ದರ ಮೇಲೇ ಇರಬೇಕು. ಜಠರದ ಮೇಲೆ ಕೊಬ್ಬಿದ ಲಿವರ್ ಕೂತಿದೆ, ಅದು ಕುಗ್ಗಬೇಕು. "ಕುಗ್ಗದೇ ಇದ್ರೆ ನನಗೆ ಜಾಗ ಕಾಣಲ್ಲ. ಕಾಣದ ಕಡೆ ನಾನು ಕೈ ಹಾಕಲ್ಲ. ಒಂದು ತುತ್ತು ಗಟ್ಟಿ ಆಹಾರ ತಿಂದಿದೀರಿ ಅಂತ ಗೊತ್ತಾದರೂ ವಾಪಸು ಕಳಿಸ್ತೀನಿ. ಮುಂದಿನ ಸರದಿ ಬರೋದು ಮುಂದಿನ ವರ್ಷ" ಎಂದರು. ಮುಂದಿನ ವರ್ಷ ಎಂದರೆ ಗೋಡೌನು. ಕುಗ್ಗುವುದರ ಬಗ್ಗೆ ತನಗೆ ಸ್ವಲ್ಪ ತಿಳಿವಳಿಕೆ ಇದೆ ಎಂದು ಹೇಳಿ ಮೇಸ್ತ್ರಿ ಎದ್ದ. ಹೊರಡುವಾಗ, ಕೈಯಲ್ಲಿ ಹಿಡಿದು ನೋಡದೆ ತಾನು ಒಂದು ಬೋಲ್ಟನ್ನೂ ಆರಿಸಿದವನಲ್ಲ ಎಂದು ವಿನಂತಿಸಿಕೊಂಡ. ವೈದ್ಯೆ ಅವನನ್ನೊಮ್ಮೆ ನೋಡಿ, ರೋಗಿಗಳಿಗೆ ತೋರಿಸಲೆಂದೇ ಇಟ್ಟಿದ್ದ ಆ ಎರಡು ಮಾದರಿಗಳನ್ನು ಕವರಿಗೆ ಹಾಕಿ ಕೊಟ್ಟರು. "ಹೋಲಿಸಿ ನೋಡಿ. ಆಪರೇಷನ್ ದಿನ ವಾಪಸು ತನ್ನಿ."

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಕೊನೆಯಲ್ಲಿ, ಇದು ಕೊಬ್ಬಿಗಾಗಿ ಮಾಡಿಸುವ ಆಪರೇಷನ್ ಎಂದು ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಕೊಳ್ಳಲು ಹೋದ.

"ಹೇಳೋದು ಯಾಕ್ರೀ, ಕಾಣಲ್ವಾ?" ಎಂದಳು ಹೆಂಡತಿ.

ಆದರೂ ಒಪ್ಪಿದಳು. ಯಾರಾದರೂ ಕೇಳಿದರೆ ಹೊಟ್ಟೆಯೊಳಗೆ ಏನೋ ಸಣ್ಣದು ಎನ್ನಬೇಕು ಎಂದು ತೀರ್ಮಾನವಾಯಿತು. ಆಕೆ ಅದನ್ನು ತನ್ನ ತಮ್ಮನಿಗೊಬ್ಬನಿಗೆ ಫೋನಿನಲ್ಲಿ ಹೇಳಿ, "ಜಾಸ್ತಿ ಕೇಳಬೇಡ ಕಣೋ" ಎಂದು ಸೇರಿಸಿದಳು. ಜಾಸ್ತಿ ಕೇಳಬೇಡ ಎಂಬ ಮಾತಿನ ಹಿಂದೆ ಒಳ್ಳೆಯ ಸುದ್ದಿ ಇದ್ದ ಉದಾಹರಣೆ ಆ ಮನೆತನದಲ್ಲಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಕಥೆ ಬೆಳೆಯುತ್ತಿರಲಿಲ್ಲ. ಆದರೆ ಮೇಸ್ತ್ರಿಯ ಕಸುಬಿಗೆ ಒಂದು ಕಟ್ಟಳೆ ಇತ್ತು. ದೊಡ್ಡ ರಿಪೇರಿಗೆ ಯಂತ್ರವನ್ನು ನಿಲ್ಲಿಸುವ ಮೊದಲು ಉಳಿದ ಸಣ್ಣಪುಟ್ಟ ಕೆಲಸವನ್ನೆಲ್ಲ ಮುಗಿಸಬೇಕು. ತಂದ ಉಪಕರಣವನ್ನು ತಂದಲ್ಲಿಗೆ ಮುಟ್ಟಿಸಬೇಕು. ಯಂತ್ರದ ಗುಣಸ್ವಭಾವವನ್ನು ಮುಂದಿನವರಿಗೆ ತಿಳಿಸಿ ಬೀಗದಕೈ ಒಪ್ಪಿಸಬೇಕು. ಈ ಸಲ ನಿಲ್ಲುವ ಯಂತ್ರ ತಾನೇ ಆದ್ದರಿಂದ ಅವನು ಎಲ್ಲವನ್ನೂ ಇನ್ನಷ್ಟು ಶ್ರದ್ಧೆಯಿಂದ ಮಾಡಿದ.

ಮೊದಲು ಬಾಮೈದನ ಡ್ರಿಲ್ಲನ್ನು ಹಿಂದಿರುಗಿಸಿದ. ಈ ಡ್ರಿಲ್ಲಿಗೆ ಒಂದು ಚರಿತ್ರೆಯಿದೆ. ಬಾಮೈದನ ಮದುವೆಗೆ ಮುಂಚೆ ಅದನ್ನು ಎರವಲು ತಂದದ್ದು. ಈಗ ಬಾಮೈದನ ಮಗ ಮೀಸೆ ತಿರುವುತ್ತಿದ್ದ. ಅಷ್ಟು ವರ್ಷವೂ ಯಾವ ಶುಭಕಾರ್ಯದಲ್ಲೂ ಬಾಮೈದ ಆ ವಿಷಯ ಎತ್ತದೆ ಕೈತೊಳೆದವನಲ್ಲ. ಅಂಥ ಡ್ರಿಲ್ಲು ಶುಭ್ರವಾಗಿ ಒರೆಸಿಕೊಂಡು, ತುದಿಗೆ ಹೊಸ ಬಿಟ್ ಹಾಕಿಸಿಕೊಂಡು, ಕೇಳದೇ ಮನೆ ಬಾಗಿಲಿಗೆ ಬಂದು ನಿಂತಾಗ ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಮೆಟ್ಟಿಲ ಮೇಲೆ ಕೂತ. ಭಾವ ತಿರುವು ದಾಟಿದ ಮೇಲೆ ಡ್ರಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಅತ್ತ.

ಆಮೇಲೆ ನಾಲ್ಕನೆಯ ಮಹಡಿಯ ಸರದಿ. ಅಲ್ಲಿ ಲಿಫ್ಟು ನಿಲ್ಲುವಾಗ ಒಂದು ಸಣ್ಣ ಕುಲುಕು ಇತ್ತು. ಗಂಡ ಬದುಕಿದ್ದ ಕಾಲದಿಂದಲೂ ಅಜ್ಜಿ ಅದರ ಬಗ್ಗೆ ದೂರುತ್ತಿದ್ದರು. ಮೇಸ್ತ್ರಿ ಒಂದಿಡೀ ದಿನ ಕೂತು ಅದನ್ನು ಸರಿಮಾಡಿ, ಅಜ್ಜಿಯನ್ನು ಕರೆದು ಮೇಲೆ ಕೆಳಗೆ ಓಡಾಡಿಸಿ ತೋರಿಸಿದ. ಇನ್ನು ಸ್ವಲ್ಪ ಕಾಲ ಬೇರೆಯವರು ಬರುತ್ತಾರೆ, ನೀವು ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ ಎಂದ. ಅಜ್ಜಿ ಇನ್ನೊಮ್ಮೆ ಮೇಲೆ ಕೆಳಗೆ ಹೋಗಿಬಂದರು. ದೂರಲು ಏನೂ ಉಳಿಯದ ಮನುಷ್ಯರಿಗೆ ಒಮ್ಮೆಲೇ ಎದೆ ಖಾಲಿಯಾಗುತ್ತದೆ.

ಕೊನೆಗೆ ಅಧ್ಯಕ್ಷರ ಮನೆಗೆ ಹೋಗಿ ಮೆಷಿನ್ ರೂಮಿನ ಎರಡು ಬೀಗದಕೈಗಳಲ್ಲಿ ಒಂದನ್ನು ಒಪ್ಪಿಸಿದ. "ಸಾರ್, ಮೋಟರು ಬೆಳಗಿನ ಹೊತ್ತು ಸ್ವಲ್ಪ ಕೆಮ್ಮುತ್ತೆ. ಬೈಬೇಡಿ, ತಾನೇ ಸರಿಹೋಗುತ್ತೆ. ಇಷ್ಟು ವರ್ಷ ನಾನು ಏನಾದರೂ ಹೆಚ್ಚುಕಡಿಮೆ ಮಾಡಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ" ಎಂದ. ಅಧ್ಯಕ್ಷರು ಇಲಾಖೆಯಲ್ಲಿದ್ದಾಗ ಸಾವಿನ ತಂತಿಗಳನ್ನು ಎಷ್ಟು ಮುಟ್ಟಿಸಿದ್ದರೋ. ಲಕೋಟೆಯನ್ನು ಒಡೆಯದೆಯೇ ಒಳಗಿನದನ್ನು ಓದುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಮೇಸ್ತ್ರಿಯ ಮುಖವನ್ನು ಲಕೋಟೆಯಂತೆ ನೋಡಿದರು. ಬಾಗಿಲ ತನಕ ಬಂದು ಬೀಳ್ಕೊಟ್ಟರು. ಇದುವರೆಗೆ ಅವರು ಯಾರಿಗೂ ಬಾಗಿಲ ತನಕ ಬಂದದ್ದಿಲ್ಲ.

ಸಂಜೆಯ ಹೊತ್ತಿಗೆ ಅಧ್ಯಕ್ಷರಿಗೂ ಭಾವನ ವಿಷಯ ವಿಚಾರಿಸಲು ಕಟ್ಟಡಕ್ಕೆ ಬಂದ ಬಾಮೈದನಿಗೂ ಮಾತಾಯಿತು. ಹೊಟ್ಟೆಯೊಳಗಿನ ಸಣ್ಣದು ಎರಡನೆಯ ಮಹಡಿಯಲ್ಲಿ ಗಡ್ಡೆಯಾಗಿ, ಐದನೆಯದರಲ್ಲಿ ಕೈಮೀರಿ, ಏಳನೆಯ ಮಹಡಿ ತಲುಪುವಾಗ ಇನ್ನು ಕೆಲವೇ ದಿನ ಎಂಬಲ್ಲಿಗೆ ಬಂದು ನಿಂತಿತು. ಸುದ್ದಿಗೆ ಲಿಫ್ಟು ಬೇಕಾಗುವುದಿಲ್ಲ.

ಮರುದಿನದಿಂದ ಮೇಸ್ತ್ರಿಯ ಮನೆಗೆ ಜನ ಬರತೊಡಗಿದರು, ಬರಿಗೈಯಲ್ಲಿ ಯಾರೂ ಬರಲಿಲ್ಲ. ಕೇಕು, ಬಿಸ್ಕತ್ತು, ಬೆಣ್ಣೆ ಹಚ್ಚಿದ ಬನ್ನು, ಸಕ್ಕರೆಯಲ್ಲಿ ಅದ್ದಿದ್ದು, ಎಣ್ಣೆಯಲ್ಲಿ ಮುಳುಗಿದ್ದು, ಮನುಷ್ಯ ಇನ್ನೊಬ್ಬ ಮನುಷ್ಯನ ಮೇಲಿನ ಪ್ರೀತಿಯನ್ನು ಯಾವ ಯಾವ ರೂಪದಲ್ಲಿ ಬೇಯಿಸಬಲ್ಲನೋ ಅಷ್ಟೂ ಅವನ ಊಟದ ಮೇಜಿನ ಮೇಲೆ ಬಂದು ಕೂತಿತು. ಮೇಸ್ತ್ರಿ ಅದರ ಮುಂದೆ ತೆಳು ಸೂಪಿನ ಲೋಟ ಹಿಡಿದು ಕೂತಿರುತ್ತಿದ್ದ. ಒಂದೇ ಒಂದು ಚೂರು ಎಂದು ಒತ್ತಾಯಿಸಿದವರಿಗೆ, ಆಗುತ್ತಿಲ್ಲ ಎನ್ನುತ್ತಿದ್ದ. ಇದು ಸತ್ಯ. ಅವರು ಹೊರಗೆ ಹೋಗಿ, ಪಾಪ ಊಟವೇ ಸೇರುತ್ತಿಲ್ಲ ಎನ್ನುತ್ತಿದ್ದರು. ವಾರದೊಳಗೆ ಅವನ ಕೆನ್ನೆ ಇಳಿಯಿತು, ಬೆಲ್ಟು ಒಂದು ತೂತು ಹಿಂದಕ್ಕೆ ಸರಿಯಿತು. ಕರಗಿಹೋಗ್ತಿದಾನೆ ನೋಡಿ ಎಂದು ಜನ ಮೆಟ್ಟಿಲಲ್ಲಿ ನಿಂತು ಪಿಸುಗುಟ್ಟಿದರು. ಅವನು ಮಾಡಿದ್ದೆಲ್ಲ ವೈದ್ಯೆ ಹೇಳಿದ ಪ್ರಕಾರ. ಅದೆಲ್ಲ ಸಾವಿನ ಲಕ್ಷಣದ ಪ್ರಕಾರವೂ ಆಗುತ್ತಿತ್ತು.

ಬಂದವರು ಸುಮ್ಮನೆ ತಿಂಡಿ ಇಟ್ಟು ಹೋಗುತ್ತಿರಲಿಲ್ಲ. ಕೂತು, ಗಂಟಲು ಸರಿಮಾಡಿಕೊಂಡು, ಉಪಕಾರ ಸ್ಮರಣೆ ಮಾಡುತ್ತಿದ್ದರು. ಒಬ್ಬಾಕೆ ಬಸುರಿಯಾಗಿದ್ದಾಗ ಲಿಫ್ಟು ಕೆಟ್ಟಿತ್ತು. ಮೇಸ್ತ್ರಿ ಹಬೆಯಾಡುವ ಊಟದ ತಟ್ಟೆಯ ಮುಂದಿನಿಂದ ಎದ್ದು ಬಂದು ಸರಿಮಾಡಿದ್ದ. ಆ ಮಗು ಈಗ ಕಾಲೇಜಿಗೆ ಹೋಗುತ್ತಿತ್ತು, ಆಕೆ ಆವತ್ತು ಹೇಳದೆ ಉಳಿಸಿದ್ದನ್ನು ಈಗ ಹೇಳಿದಳು. ಇನ್ನೊಬ್ಬ, ಕತ್ತಲ ಲಿಫ್ಟಿನಲ್ಲಿ ಸಿಕ್ಕಿ ಬೆವೆತುಹೋಗಿದ್ದಾಗ ಚಾವಣಿಯ ಮೇಲಿಂದ ಮೇಸ್ತ್ರಿ ಹಾಡು ಹೇಳಿ ಧೈರ್ಯ ಕೊಟ್ಟದ್ದನ್ನು ನೆನೆಸಿಕೊಂಡ. ಹಾಡು ಶ್ರುತಿಗೆ ಕೂತಿರಲಿಲ್ಲ ಎಂಬುದನ್ನು ಈ ಸಂದರ್ಭದಲ್ಲಿ ಹೇಳಲಿಲ್ಲ. ಮೇಸ್ತ್ರಿ ಇದುವರೆಗೆ ಆ ಕಟ್ಟಡದಲ್ಲಿ ಕೇಳಿದ್ದು ಎರಡೇ ಮಾತು: ಯಾವಾಗ ಬರ್ತೀರಿ, ಇಷ್ಟೊತ್ತು ಯಾಕೆ. ಓಡುವ ಲಿಫ್ಟಿಗೆ ಯಾರೂ ಕೈಮುಗಿಯುವುದಿಲ್ಲ. ನಿಂತಾಗಷ್ಟೇ ಮೇಸ್ತ್ರಿಯ ನೆನಪು. ಈಗ ದಿನಾ ಸಂಜೆ ತನ್ನ ಬಗ್ಗೆ ಒಳ್ಳೆಯ ಮಾತುಗಳು ಕಿವಿಗೆ ಬೀಳುತ್ತಿರಲು, ಖಾಲಿ ಹೊಟ್ಟೆಯಲ್ಲಿ ಅವು ಬೇಗ ನೆತ್ತಿಗೇರಿದವು. ಎಲ್ಲರೂ ಯಾಕೆ ಇಷ್ಟು ಒಳ್ಳೆಯವರಾಗಿದ್ದಾರೆ ಎಂಬ ಅನುಮಾನ ಮೊದಲ ದಿನ ಬಂತು. ಎರಡನೆಯ ದಿನ ಹೆಂಡತಿ ಕಾರಣ ತಿಳಿದುಕೊಂಡು ಬಂದು ಹೇಳಿದಳು.

"ರೀ, ನೀವು ಸಾಯ್ತೀರಿ ಅಂದ್ಕೊಂಡಿದಾರೆ. ಹೋಗಿ ಅಲ್ಲ ಅಂತ ಹೇಳಿ."

"ಅಲ್ಲ ಅಂದ್ರೆ ಮತ್ತೇನು ಅಂತಾರೆ. ಕೊಬ್ಬು ಅನ್ನಬೇಕಾಗುತ್ತೆ."

"ಸಾಯೋದಕ್ಕಿಂತ ಕೊಬ್ಬು ವಾಸಿ."

"ನಿನಗೆ ಗೊತ್ತಿಲ್ಲ ಕಣೇ. ಕಿಂಡೀಲಿ ನೇತಾಡಿದೋನು ನಾನು."

ನಾಳೆ ಹೇಳುತ್ತೇನೆ ಎಂದ. ನಾಳೆ ಆರನೆಯ ಮಹಡಿಯವರು ಬರುವುದಿತ್ತು. ಅವರು ಏನು ನೆನೆಸಿಕೊಳ್ಳುತ್ತಾರೆಂದು ಕೇಳುವ ಆಸೆ. ಹೀಗೆ ನಾಳೆ ನಾಳೆಯಾಗಿ ವಾರ ಕಳೆಯಿತು. ಮೇಜಿನ ಮೇಲಿನದನ್ನು ಎಸೆಯುವುದು ಪಾಪವೆಂದು ಹೆಂಡತಿ ತಾನೇ ತಿನ್ನುತ್ತ ಬಂದಳು. ಒಂದೇ ಮನೆಯಲ್ಲಿ ಒಂದು ಬೆಲ್ಟು ಸಡಿಲಾಗುತ್ತ, ಒಂದು ರವಿಕೆ ಬಿಗಿಯಾಗುತ್ತ ಹೋಯಿತು.

ಇಷ್ಟರ ನಡುವೆ ಬ್ಯಾಂಡು ಆರಿಸುವ ಕೆಲಸ ಹಾಗೇ ಉಳಿದಿತ್ತು. ಮನೆಯಲ್ಲಿ ನೋಡಲು ಬಂದವರು ಬಿಡುವುದಿಲ್ಲ. ಹಾಗಾಗಿ ಮೇಸ್ತ್ರಿ ಒಂದು ಬೆಳಿಗ್ಗೆ ತನ್ನ ಬಳಿ ಉಳಿದಿದ್ದ ಇನ್ನೊಂದು ಬೀಗದಕೈಯಿಂದ ಮೆಷಿನ್ ರೂಮು ತೆರೆದು ಒಳಗೆ ಕೂತ. ಪರೀಕ್ಷೆಗೆ ಜಠರದಂಥದ್ದು ಬೇಕಲ್ಲ. ಬಿಸಿನೀರಿನ ರಬ್ಬರ್ ಚೀಲವೊಂದನ್ನು ತಂದಿದ್ದ. ಅದರ ಕುತ್ತಿಗೆಯ ಕೆಳಗೆ ಮೊದಲು ಸಣ್ಣ ಬ್ಯಾಂಡನ್ನು ಕಟ್ಟಿ, ಕಿವುಚಿದ ಬಾಳೆಹಣ್ಣನ್ನು ಚಮಚದಲ್ಲಿ ತುಂಬಿಸಿ, ಕೆಳಗೆ ಇಳಿಯುತ್ತದೆಯೋ ಎಂದು ಚೀಲಕ್ಕೆ ಕಿವಿಯಿಟ್ಟು ಕೇಳಿದ. ಆಮೇಲೆ ಅಗಲದ್ದನ್ನು ಕಟ್ಟಿದ. ಚೀಲವನ್ನು ಮಡಿಲಲ್ಲಿ ಮಲಗಿಸಿಕೊಂಡು, ಇದರಲ್ಲಾದರೆ ಉಸಿರು ಕಟ್ಟಲ್ಲ, ಮೆಲ್ಲಗೆ ನುಂಗಪ್ಪ, ಅವಸರ ಬೇಡ ಎಂದು ತನ್ನಷ್ಟಕ್ಕೆ ಮಾತಾಡುತ್ತಿದ್ದ.

ಅದೇ ಹೊತ್ತಿಗೆ ಮೋಟರು ಕೆಮ್ಮಿತು. ಕೆಮ್ಮನ್ನು ಪರೀಕ್ಷಿಸಲು, ತಮಗೆ ಒಪ್ಪಿಸಿದ್ದ ಬೀಗದಕೈ ಹಿಡಿದು ಅಧ್ಯಕ್ಷರು ಬಂದರು. ಬಾಗಿಲ ಸಂದಿಯಿಂದ ಕಂಡ ದೃಶ್ಯವನ್ನು ಅವರು ಬಹಳ ಹೊತ್ತು ನೋಡಿದರು. ಮನುಷ್ಯನೊಬ್ಬ ರಬ್ಬರ್ ಚೀಲಕ್ಕೆ ಬಾಳೆಹಣ್ಣು ತಿನ್ನಿಸುತ್ತಿದ್ದಾನೆ. ಶಬ್ದವಾಗದಂತೆ ಮೆಟ್ಟಿಲಿಳಿದು ಬಂದು, ರೋಗ ತಲೆಗೇರಿದೆ ಎಂದು ಸಂಘಕ್ಕೆ ತಿಳಿಸಿದರು.

ಇನ್ನು ಸುಮ್ಮನಿರುವುದು ಸರಿಯಲ್ಲವೆಂದು ಅಧ್ಯಕ್ಷರು, ಅಜ್ಜಿ ಮತ್ತು ಅಕ್ಕನಿಂದ ಆಸ್ಪತ್ರೆಯ ಹೆಸರಷ್ಟೇ ತಿಳಿದುಕೊಂಡಿದ್ದ ಬಾಮೈದ ಒಂದು ನಿಯೋಗವಾಗಿ ಸರ್ಜನ್ನರ ಬಳಿಗೆ ಹೋದರು. ತಮ್ಮ ರೋಗಿಗಳ ವಿಷಯವನ್ನು ಯಾರ ಬಳಿಯೂ ಮಾತಾಡುವ ಹಾಗಿಲ್ಲ ಎಂದು ವೈದ್ಯೆ ಹೇಳಿದರು. ನಿಯೋಗದ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೇಳುವ ಹಾಗಿಲ್ಲ ಎಂದಮೇಲೆ ಹೇಳಿದಂತೆಯೇ ಆಯಿತಲ್ಲ. ನಮ್ಮಿಂದ ಏನಾಗಬೇಕು, ಅದನ್ನಾದರೂ ಹೇಳಿ ಎಂದು ಅಧ್ಯಕ್ಷರು ಕೈಮುಗಿದರು. ಹೊರಗೆ ಹತ್ತು ಜನ ಕಾಯುತ್ತಿದ್ದುದರಿಂದ ವೈದ್ಯೆ ಎಲ್ಲ ರೋಗಿಗಳ ಮನೆಯವರಿಗೂ ಹೇಳುವ ಮಾತನ್ನೇ ಹೇಳಿದರು: "ಒಳಗೆ ಬಂದಮೇಲೆ ನೋಡೋಕೆ ಬಿಡಲ್ಲ. ಮಾತಾಡೋದು ಏನಿದ್ರೂ ಮುಂಚೆನೇ ಮಾತಾಡಿಬಿಡಿ."

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಬಾಮೈದ ಅಜ್ಜಿಯನ್ನು ಹಿಡಿದುಕೊಂಡಿದ್ದ. ಅಜ್ಜಿ ಬಾಮೈದನನ್ನು ಹಿಡಿದುಕೊಂಡಿದ್ದರು.

ಹೀಗಾಗಿ ಆಪರೇಷನ್ನಿನ ಹಿಂದಿನ ದಿನ ನೆಲಮಹಡಿಯ ಸಂಘದ ಕೋಣೆಯಲ್ಲಿ ಕೃತಜ್ಞತಾ ಸಭೆ ಸೇರಿತು. ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಮೇಸ್ತ್ರಿಯನ್ನು ನಡುವೆ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟಿದ್ದರು. ಅವನ ಅಂಗಿಯ ಜೇಬಿನಲ್ಲಿ ಎರಡು ಬ್ಯಾಂಡುಗಳಿದ್ದವು. ಬೆಳಿಗ್ಗೆ ಹಿಂದಿರುಗಿಸಬೇಕು, ಇನ್ನೂ ಆರಿಸಿರಲಿಲ್ಲ. ಅಧ್ಯಕ್ಷರು ಎದ್ದು, ಮನುಷ್ಯರಲ್ಲಿ ಎರಡು ವಿಧ ಎಂದು ಆರಂಭಿಸಿದರು. ಮೇಲೆ ಹೋಗುವವರು, ಇತರರನ್ನು ಮೇಲೆ ಕಳಿಸುವವರು. ನಮ್ಮ ಮೇಸ್ತ್ರಿ ಇಷ್ಟು ಕಾಲ ಎರಡನೆಯ ವಿಧದವರಾಗಿದ್ದರು ಎಂಬಲ್ಲಿಗೆ ಬಂದರು. ಮುಂದಿನ ವಾಕ್ಯ ಯಾವ ಕಡೆ ಹೋಗುತ್ತಿದೆಯೆಂದು ಅವರಿಗೇ ಹೊಳೆದು ಅಲ್ಲಿಗೇ ನಿಲ್ಲಿಸಿದರು. ಬಾಮೈದ ಎದ್ದು, ಡ್ರಿಲ್ಲಿನ ವಿಷಯದಲ್ಲಿ ತಾನು ಆಡಿದ ಮಾತುಗಳನ್ನೆಲ್ಲ, ತೊಟ್ಟಿಲ ಶಾಸ್ತ್ರದ ದಿನ ಆಡಿದ್ದೂ ಸೇರಿದಂತೆ, ವಾಪಸು ತೆಗೆದುಕೊಂಡ. ಹಲವರು ಕಣ್ಣೊರೆಸಿಕೊಂಡರು. ಮೇಸ್ತ್ರಿಯೂ ಒರೆಸಿಕೊಂಡ. ಸತ್ತವನ ಬಗ್ಗೆ ಅವನಿಗೂ ಬಹಳ ದುಃಖವಾಗಿತ್ತು.

ಆಗ ಅಜ್ಜಿ ಎದ್ದುಬಂದರು. ಅವರ ಕೈಯಲ್ಲೊಂದು ತಟ್ಟೆ, ತಟ್ಟೆಯಲ್ಲೊಂದು ಕೇಕು. ಒಲೆಯ ಹತ್ತಿರ ಹೋಗಬೇಡಿ ಎಂದು ಸೊಸೆ ಹೇಳಿದರೂ ಕೇಳದೆ, ನಡುಗುವ ಕೈಯಲ್ಲಿ ತಾವೇ ಮಾಡಿದ್ದು. ಒಂದು ಬದಿ ಸೀದಿತ್ತು, ಒಂದು ಬದಿ ಕುಸಿದಿತ್ತು. ಒಂದು ತುಣುಕು ಮುರಿದು ಮೇಸ್ತ್ರಿಯ ಬಾಯಿಯ ಹತ್ತಿರ ಹಿಡಿದರು.

"ನಿನಗೆ ಸೇರಲ್ಲ ಅಂತ ಗೊತ್ತು ಕಣಪ್ಪ. ಇಷ್ಟು ವರ್ಷ ನಿನ್ನ ಬೈದಿದೀನಿ. ಈ ಕೈಯಿಂದ ಒಂದು ಚೂರು ತಿನ್ನು, ನನ್ನ ಮನಸ್ಸು ಹಗುರಾಗುತ್ತೆ."

ಮೇಸ್ತ್ರಿಯ ಮೂಗಿನ ಕೆಳಗೆ ಬೆಣ್ಣೆ, ಸಕ್ಕರೆಯ ಪರಿಮಳ. ಎರಡು ವಾರದಿಂದ ಹಾಲು, ಸೂಪು ಬಿಟ್ಟು ಬೇರೇನೂ ಕಾಣದ ಹೊಟ್ಟೆ ಎದ್ದು ನಿಂತಿತು. ತಿಂದರೆ ಆಪರೇಷನ್ ಇಲ್ಲ. ಆಪರೇಷನ್ ಇಲ್ಲವೆಂದರೆ ಗೋಡೌನು. ತಿನ್ನದಿದ್ದರೆ ಆ ಕೈ ಹಾಗೇ ಚಾಚಿಕೊಂಡಿರುತ್ತದೆ. ಅವನು ಅಷ್ಟೂ ಮುಖಗಳನ್ನು ನೋಡಿದ. ಇಷ್ಟು ಜನರಿಗೆ ತಾನು ಬೇಕಾಗಿದ್ದೇನೆ, ಇಷ್ಟು ಜನರನ್ನು ತಾನು ಸುಮ್ಮನೆ ಅಳಿಸುತ್ತಿದ್ದೇನೆ. ಜೇಬಿಗೆ ಕೈಹಾಕಿ ಎರಡು ಬ್ಯಾಂಡುಗಳನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅಜ್ಜಿ, ನಾನು ಸಾಯ್ತಾ ಇಲ್ಲ. ದಪ್ಪ ಇದೀನಿ."

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಕಿಂಡಿ ಕುಗ್ಗಿರಲಿಲ್ಲ. ಇದನ್ನು ಜಠರಕ್ಕೆ ಸುತ್ತುತ್ತಾರೆ. ತನಗೆ ಊಟ ಸೇರುತ್ತಿಲ್ಲವೆಂಬುದು ಸುಳ್ಳು, ಸೇರುವುದೇ ಕಾಯಿಲೆ. ಈ ತುಣುಕು ತಿಂದರೆ ನಾಳೆ ವಾಪಸು ಕಳಿಸುತ್ತಾರೆ, ಆಮೇಲೆ ನಿಮ್ಮ ಲಿಫ್ಟಿಗೆ ತಾನು ಬರುವಂತಿಲ್ಲ. ನಿಮ್ಮ ಮಾತುಗಳನ್ನು ಕೇಳಲು ಆಸೆಯಾಗಿ ಸುಮ್ಮನಿದ್ದೆ ಎಂಬುದನ್ನೂ ಹೇಳಿದ. ತಲೆ ತಗ್ಗಿಸಿ ಕೂತ.

ಮೊದಲು ಮಾತಾಡಿದವನು ಬಾಮೈದ.

"ಹಾಗಾದ್ರೆ ಭಾವ, ಡ್ರಿಲ್ಲು ಯಾಕೆ ವಾಪಸು ಕೊಟ್ರಿ?"

"ಅದು ನಿಂದಲ್ವೇನೋ."

"ನಂದೇ. ಆದ್ರೂ."

ಅಧ್ಯಕ್ಷರು ತಮ್ಮ ಭಾಷಣದ ಬಗ್ಗೆ ಯೋಚಿಸುತ್ತ ನಿಂತಿದ್ದರು. ಸಭೆಯಲ್ಲಿ ಒಮ್ಮೆ ಸಲ್ಲಿಸಿದ ಕೃತಜ್ಞತೆಯನ್ನು ಹಿಂದಕ್ಕೆ ಪಡೆಯಲು ಸಂಘದ ನಿಯಮಗಳಲ್ಲಿ ಅವಕಾಶವಿದೆಯೇ ಎಂದು ಯಾರೋ ಹಿಂದಿನಿಂದ ಕೇಳಿದರು. ಇಲ್ಲ ಎಂದರು ಅಧ್ಯಕ್ಷರು, ಸ್ವಲ್ಪ ನಿರಾಶೆಯಿಂದ. ಆದ್ದರಿಂದ ಅದು ಹಾಗೇ ಉಳಿಯಿತು.

ಅಜ್ಜಿಯ ಕೈ ಇನ್ನೂ ಗಾಳಿಯಲ್ಲೇ ಇತ್ತು. ಕೇಳಿದ್ದನ್ನು ಅವರು ಒಂದೊಂದಾಗಿ ಜೋಡಿಸಿಕೊಂಡಂತೆ ಕಂಡಿತು.

"ಅಂದ್ರೆ ಬದುಕಿರ್ತೀಯಾ?"

"ಇರ್ತೀನಿ ಅಜ್ಜಿ."

"ಲಿಫ್ಟಿಗೆ ನೀನೇ ಬರ್ತೀಯಾ?"

"ಇದನ್ನ ತಿನ್ನದೇ ಇದ್ರೆ ನಾನೇ ಬರ್ತೀನಿ."

ಅಜ್ಜಿ ತುಣುಕನ್ನು ತಮ್ಮ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದು ನುಂಗಿದರು. "ಮೊದಲೇ ಹೇಳಿದ್ರೆ ಇಷ್ಟು ಬೆಣ್ಣೆ ಉಳೀತಿತ್ತಲ್ಲೋ" ಎಂದು ಹೇಳಿ ತಟ್ಟೆಯನ್ನು ಅವನ ಕೈಗೆಟುಕದ ಕಡೆ ಇಟ್ಟುಬಂದರು. ಆಮೇಲೆ ತಿರುಗಿ, "ಎಲ್ಲಿ, ಆ ಎರಡನ್ನೂ ಕೊಡು ನೋಡೋಣ" ಎಂದರು.

ಅಲ್ಲಿಂದ ಮುಂದೆ ಸಭೆ ತನಗೆ ಗೊತ್ತಿದ್ದ ದಾರಿಗೆ ಬಂತು. ಬ್ಯಾಂಡುಗಳು ಕೈಯಿಂದ ಕೈಗೆ ದಾಟಿದವು. ಎಳೆದರು, ಹಿಂಡಿದರು, ಮಣಿಕಟ್ಟಿಗೆ ಹಾಕಿಕೊಂಡು ನೋಡಿದರು. ಮೇಸ್ತ್ರಿ ದಿಂಬು ಬಿಟ್ಟು ಮುಂದಕ್ಕೆ ಬಾಗಿ ಒಂದೊಂದರ ಗುಣ ವಿವರಿಸಿದ. ಬಾಮೈದ ಸಣ್ಣದರ ಪರ. ಭಾವನಂಥವರಿಗೆ ಹಿಡಿತ ಬಿಗಿಯಾಗಿರಬೇಕೆಂದು ಅವನ ವಾದ. ಮೆತ್ತಗೆ ಹೇಳಿದರೆ ಕೇಳುವ ಮನುಷ್ಯನಿಗೆ ಬಿಗಿ ಯಾಕೆ ಎಂದು ಅಜ್ಜಿ ಅಗಲದ್ದರ ಪರ ನಿಂತರು. ಮೆತ್ತಗೆ ಹೇಳಿದರೆ ಇವರು ಕೇಳಿದ್ದನ್ನು ತಾನು ನೋಡಿಲ್ಲ ಎಂದಳು ಹೆಂಡತಿ, ಕೇಕಿನ ತಟ್ಟೆಯ ಪಕ್ಕದಿಂದ. ಕೈಯೆತ್ತಿಸಿದಾಗ ಎರಡೂ ಕಡೆ ಸಮವಾಯಿತು. ಅಧ್ಯಕ್ಷರು ತಮ್ಮ ಮತವನ್ನು ಕಾಯ್ದಿರಿಸಿರುವುದಾಗಿ ಘೋಷಿಸಿ, ಹೊಟ್ಟೆಯ ಮಾಲೀಕರ ಅಭಿಪ್ರಾಯ ಕೇಳಿದರು. ಮೇಸ್ತ್ರಿ, ನೀವೆಲ್ಲ ಇಷ್ಟು ಯೋಚನೆ ಮಾಡಿದಿರಲ್ಲ, ಯಾವುದಾದರೂ ನನಗೆ ಸರಿ ಎಂದ. ಅವನ ಜೀವಮಾನದಲ್ಲಿ ಯಾವ ಬಿಡಿಭಾಗದ ಬಗ್ಗೆಯೂ ಅವನು ಆಡಿರದ ಮಾತು ಅದು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ವೈದ್ಯೆ ಸ್ಕ್ಯಾನ್ ನೋಡಿ ತಲೆಯಾಡಿಸಿದರು. ಲಿವರ್ ಕುಗ್ಗಿತ್ತು. ಮೇಸ್ತ್ರಿ ಎರಡೂ ಮಾದರಿಗಳನ್ನು ಮುಂದಿಟ್ಟು, ಮತ ಸಮವಾಗಿದೆ ಮೇಡಂ, ತೀರ್ಮಾನವಾಗಿಲ್ಲ ಎಂದು ಸಂಕೋಚದಿಂದ ಹೇಳಿದ.

"ನಿಮಗೆ ಅಗಲದ್ದೇ. ಮೊದಲ ದಿನ ನಿಮ್ಮನ್ನ ನೋಡಿದಾಗಲೇ ನನಗೆ ಅನ್ನಿಸಿತ್ತು. ಇವತ್ತು ಗಟ್ಟಿಯಾಯ್ತು."

"ಹಾಗಾದ್ರೆ ಇವನ್ನ ನನ್ನ ಕೈಗೆ ಯಾಕೆ ಕೊಟ್ರಿ ಮೇಡಂ?"

"ಎರಡು ವಾರ ನಿಮ್ಮ ಕೈಗೆ ಏನಾದರೂ ಬೇಕಿತ್ತಲ್ಲ" ಎಂದು ಹೇಳಿ ವೈದ್ಯೆ ಕೈತೊಳೆಯಲು ಹೋದರು.

ಮೇಸ್ತ್ರಿ ಅವರ ಬೆನ್ನಿಗೆ ಕೈಮುಗಿದ. ಆಮೇಲೆ ಬಾಗಿಲಿನ ಗಾಜಿನಾಚೆ ನೋಡಿದ. ಬಿಡುವುದಿಲ್ಲವೆಂದು ಹೇಳಿದ್ದರೂ ಇಡೀ ಸಂಘ ಬಂದು ಕಾರಿಡಾರಿನಲ್ಲಿ ನಿಂತಿತ್ತು. ಯಾರ ಕೈಯಲ್ಲೂ ಏನೂ ಇರಲಿಲ್ಲ. ಅವನು ಅವರಿಗೂ ಕೈಮುಗಿದ.

ಆಪರೇಷನ್ ಆಯಿತು. ಬ್ಯಾಂಡು ಅಗಲದ್ದು. ವರ್ಷದ ಕೊನೆಯ ಲಿಫ್ಟ್ ತಪಾಸಣೆಗೆ ಮೇಸ್ತ್ರಿಯೇ ಬಂದ, ಕಿಂಡಿಯಲ್ಲಿ ಹೋಗಿ ಬಂದ.